ಬಾಣಂತಿಯ ಪಥ್ಯದಿಂದ ಹಾಲುಣ್ಣುವ ಕೂಸಿಗೆ ಬಿ1 ಕೊರತೆ ಆಗುವುದುಂಟೇ?

ಪ್ರಶ್ನೆ (ಒಬ್ಬ ತಂದೆ, ಕೊಪ್ಪಳ ಜಿಲ್ಲೆ):
ಹೆರಿಗೆಗೆಂದು ತವರಿಗೆ ಹೋದ ನನ್ನ ಪತ್ನಿ ಅಲ್ಲಿಯೇ ಇದ್ದಾಳೆ. ಕೂಸಿಗೆ ಆರು ವಾರ ತುಂಬಿದೆ. ಅವಳಿಗೆ ಬಿಸಿ ಅನ್ನ, ಮೆಣಸು-ಬೆಳ್ಳುಳ್ಳಿಯ ಸಾರು, ತುಪ್ಪ, ಊಟದ ನಂತರ ಎಲೆ-ಅಡಿಕೆ ಇಷ್ಟನ್ನೇ ಕೊಡಲಾಗುತ್ತಿದೆ. ತಾಯಿ ಬೇಳೆ ತಿಂದರೆ ಕೂಸಿಗೆ ವಾಯು, ಸೊಪ್ಪು ತಿಂದರೆ ಭೇದಿ, ಹಣ್ಣು ತಿಂದರೆ ಶೀತ ಎನ್ನುವುದು ಮನೆಯ ಹಿರಿಯರ ಮಾತು. ಕೂಸು ಎದೆಹಾಲನ್ನಷ್ಟೇ ಕುಡಿಯುತ್ತಿದ್ದು, ಮೈಕೈ ತುಂಬಿಕೊಂಡಿದೆ. ಇಂಥ ಪಥ್ಯದಿಂದ ಕೂಸಿಗೆ ಏನಾದರೂ ಕೊರತೆಯಾಗುವ ಸಾಧ್ಯತೆ ಇದೆಯೇ?

ಉತ್ತರ 1 (ಮಕ್ಕಳ ವೈದ್ಯೆ):
ಇದೆ, ಮತ್ತು ಕೂಸು ಮೈಕೈ ತುಂಬಿಕೊಂಡಿರುವುದು ಅದಕ್ಕೆ ರಕ್ಷಣೆಯಲ್ಲ. ಎದೆಹಾಲಿನ ಕ್ಯಾಲ್ಸಿಯಂ, ಕಬ್ಬಿಣದಂಥ ಅಂಶಗಳು ತಾಯಿಯ ಊಟ ತುಸು ಕೆಟ್ಟರೂ ಅಷ್ಟಾಗಿ ಇಳಿಯುವುದಿಲ್ಲ. ಆದರೆ ಥಯಮಿನ್, ಅಂದರೆ ಬಿ1 ಜೀವಸತ್ವ, ತಾಯಿಯ ತಟ್ಟೆಯಲ್ಲಿ ಇಲ್ಲದಿದ್ದರೆ ಹಾಲಿನಲ್ಲಿಯೂ ಇಳಿದುಹೋಗುತ್ತದೆ. ದೇಹದಲ್ಲಿ ಅದರ ಸಂಗ್ರಹ ಕೆಲವೇ ವಾರಗಳಿಗೆ ಸಾಕಾಗುವಷ್ಟು. ಹೊಳಪು ಕೊಟ್ಟ ಬಿಳಿ ಅಕ್ಕಿಯ ತೌಡಿನೊಂದಿಗೆ ಬಿ1ರ ಬಹುಪಾಲು ಗಿರಣಿಯಲ್ಲೇ ಹೋಗಿರುತ್ತದೆ; ನೀರಿನಲ್ಲಿ ಕರಗುವ ಗುಣ ಇರುವುದರಿಂದ ಉಳಿದದ್ದರಲ್ಲಿಯೂ ಒಂದು ಪಾಲು ಅಕ್ಕಿಯನ್ನು ಮೂರು-ನಾಲ್ಕು ಸಲ ತೊಳೆದು, ಗಂಜಿ ಬಸಿದು ಚೆಲ್ಲುವಾಗ ಹೋಗುತ್ತದೆ. ಅಡಿಕೆ ಮತ್ತು ಚಹಾದಲ್ಲಿರುವ ಟ್ಯಾನಿನ್ ಅಂಶಗಳು ಅಳಿದುಳಿದ ಬಿ1ಗೂ ಅಡ್ಡಿಪಡಿಸುತ್ತವೆ.

ಇದರ ಪರಿಣಾಮವಾಗಿ ಬರುವ ಕಾಯಿಲೆಯೇ ಶಿಶುಗಳ ಬೆರಿಬೆರಿ. ಎದೆಹಾಲನ್ನಷ್ಟೇ ಕುಡಿಯುವ ಒಂದರಿಂದ ಮೂರು-ನಾಲ್ಕು ತಿಂಗಳ ಕೂಸುಗಳಲ್ಲಿ ಇದು ಹೆಚ್ಚು. ಚೆನ್ನಾಗಿಯೇ ಇದ್ದ ಕೂಸು ಏಕಾಏಕಿ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಏದುಸಿರು ಬಿಡುತ್ತದೆ. ಕೆಲವು ಕೂಸುಗಳು ಬಾಯಿ ತೆರೆದು ಮುಖ ಕೆಂಪಗೆ ಮಾಡಿಕೊಂಡು ಅತ್ತರೂ ದನಿ ಹೊರಡುವುದಿಲ್ಲ, ಅಥವಾ ಗೊಗ್ಗರು ದನಿ ಮಾತ್ರ ಬರುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯದ ಬಲಭಾಗ ಸೋಲುವ ಇಂಥ ಪ್ರಕರಣಗಳನ್ನು ಕರ್ನಾಟಕದ ಮಕ್ಕಳ ಹೃದ್ರೋಗ ತಜ್ಞರು ಈಚಿನ ವರ್ಷಗಳಲ್ಲಿ ವರದಿ ಮಾಡಿದ್ದಾರೆ. ಆ ತಾಯಂದಿರ ಊಟವೂ ನೀವು ಬರೆದಂಥದೇ. ನ್ಯುಮೋನಿಯಾ ಎಂದೋ ಹುಟ್ಟಿನಿಂದಲೇ ಬಂದ ಹೃದಯದೋಷವೆಂದೋ ಇದನ್ನು ತಪ್ಪು ತಿಳಿಯುವ ಸಂಭವ ಹೆಚ್ಚು. ಸಕಾಲದಲ್ಲಿ ಥಯಮಿನ್ ಚುಚ್ಚುಮದ್ದು ಸಿಕ್ಕರೆ ಹೆಚ್ಚಿನ ಕೂಸುಗಳು ಒಂದೆರಡು ದಿನಗಳಲ್ಲೇ ಚೇತರಿಸಿಕೊಳ್ಳುತ್ತವೆ. ಮೇಲಿನ ಯಾವ ಲಕ್ಷಣ ಕಂಡರೂ ಅಂದೇ ಆಸ್ಪತ್ರೆಗೆ ಒಯ್ಯಿರಿ, ತಾಯಿಯ ಊಟದ ವಿವರವನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿರಿ.

ಉತ್ತರ 2 (ಮೂವರ ಬಾಣಂತನ ಮಾಡಿದ ಅಜ್ಜಿ):
ಪಥ್ಯವನ್ನೆಲ್ಲ ಒಟ್ಟಾರೆ ದೂರುವುದು ಸರಿಯಲ್ಲ. ನಮ್ಮ ಕಡೆ ಬಾಣಂತಿಗೆ ಅಂಟಿನುಂಡಿ, ಸಬ್ಬಸಿಗೆ ಸೊಪ್ಪು, ಮೆಂತ್ಯ, ಜೋಳದ ರೊಟ್ಟಿ ಎಲ್ಲವನ್ನೂ ಕೊಡುತ್ತೇವೆ. ಬರೀ ಅನ್ನ-ಸಾರಿನಲ್ಲಿ ತಿಂಗಳುಗಟ್ಟಲೆ ಇಡುವುದನ್ನು ನಾನಂತೂ ಪಥ್ಯವೆಂದು ಒಪ್ಪುವುದಿಲ್ಲ. ಆದರೆ ಹಿರಿಯರ ಮುಂದೆ ವಾದಕ್ಕಿಳಿದರೆ ಊಟ ಬದಲಾಗುವುದಿಲ್ಲ. ಮೊದಲು ಹೆಸರುಬೇಳೆಯ ತಿಳಿಯಾದ ಕಟ್ಟು ಶುರುಮಾಡಿಸಿರಿ. ಅದು ಹಗುರವೆಂದು ಅವರೂ ಒಪ್ಪುತ್ತಾರೆ. ಕೂಸಿಗೆ ಏನೂ ಆಗದ್ದನ್ನು ಕಂಡ ಮೇಲೆ ಮುಂದಿನದು ಸುಲಭ.

ಉತ್ತರ 3 (ಉತ್ತರ 1ರ ವೈದ್ಯೆ):
ಅಜ್ಜಿಯವರ ದಾರಿಯೇ ಒಳ್ಳೆಯದು. ಬೆಚ್ಚಗಿನ ಕೋಣೆ, ಎಣ್ಣೆನೀರು, ವಿಶ್ರಾಂತಿ ಎಲ್ಲವೂ ಇರಲಿ. ಹೆಸರು, ತೊಗರಿ, ಶೇಂಗಾ, ಎಳ್ಳು, ಜೋಳ, ರಾಗಿ ಎಲ್ಲವುಗಳಲ್ಲೂ ಬಿ1 ಇದೆ. ಅನ್ನವೇ ಬೇಕೆಂದರೆ ಕರಾವಳಿಯವರಂತೆ ಕುಚ್ಚಲಕ್ಕಿ ಬಳಸಬಹುದು. ಭತ್ತವನ್ನು ಬೇಯಿಸುವಾಗಲೇ ಬಿ1ರ ಒಂದಂಶ ಕಾಳಿನೊಳಗೆ ಇಳಿದಿರುವುದರಿಂದ ಅದರಲ್ಲಿ ಬಿಳಿ ಅಕ್ಕಿಗಿಂತ ಹೆಚ್ಚು ಉಳಿದಿರುತ್ತದೆ. ಬಾಣಂತಿಗೆ ಬಿ-ಕಾಂಪ್ಲೆಕ್ಸ್ ಮಾತ್ರೆ ಬೇಕೇ ಎಂಬುದನ್ನು ಹತ್ತಿರದ ವೈದ್ಯರಲ್ಲಿ ಈ ವಾರವೇ ಕೇಳಿರಿ. ಎದೆಹಾಲು ಬಿಡಿಸಿ ಡಬ್ಬಿಹಾಲಿಗೆ ಹೋಗಬೇಕಾಗಿಲ್ಲ, ಸರಿಪಡಿಸಬೇಕಾದುದು ತಾಯಿಯ ಊಟ.

ಉತ್ತರ 4 (ಅಂಗನವಾಡಿ ಕಾರ್ಯಕರ್ತೆ):
2017ರಿಂದ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯಲ್ಲಿ ಬಾಣಂತಿಯರಿಗೆ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಸೇರಿದ ಬಿಸಿಯೂಟದ ವ್ಯವಸ್ಥೆ ಇದೆ. ಆದರೆ ಹಸಿ ಬಾಣಂತಿ ಹೊಸಿಲು ದಾಟಬಾರದೆಂಬ ನಿಯಮದಿಂದ ಅನೇಕರು ಕೇಂದ್ರಕ್ಕೆ ಬರುವುದೇ ಇಲ್ಲ, ಬೇಳೆ ಅತ್ಯಗತ್ಯವಾದ ಮೊದಲ ತಿಂಗಳುಗಳಲ್ಲೇ ಅದು ತಪ್ಪಿಹೋಗುತ್ತದೆ. ನಿಮ್ಮ ಪತ್ನಿಯ ತವರೂರಿನ ಅಂಗನವಾಡಿಯಲ್ಲಿ ಹೆಸರು ನೋಂದಾಯಿಸಿ, ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಸಿಕೊಳ್ಳಿರಿ. ಅಳಿಯ ಹೇಳಿದರೆ ಒಪ್ಪದ ಅತ್ತೆಯವರು ಊರಿನವಳೇ ಆದ ಆಕೆ ಹೇಳಿದರೆ ಒಪ್ಪುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.