ಗಡ್ಡೆಯ ಸುತ್ತ ಇರುವ ಆಮ್ಲದಿಂದ ಕರುಳಿನ ಕ್ಯಾನ್ಸರ್ ಹರಡುತ್ತದಾ?

ಕಿರಿಮಗಳು:
ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿ ಎರಡು ತಿಂಗಳಾಯಿತು. ಮೊನ್ನೆ ಸಂಬಂಧಿಕರೊಬ್ಬರು ಒಂದು ಡಬ್ಬ ಪುಡಿ ತಂದುಕೊಟ್ಟರು. "ಕ್ಯಾನ್ಸರ್ ಬೆಳೆಯೋದೇ ಆಸಿಡ್‌ನಲ್ಲಿ. ಇದನ್ನ ನೀರಿಗೆ ಹಾಕಿ ಕುಡಿಸು, ಲಿವರ್‌ಗೆ ಹೋಗಲ್ಲ" ಅಂದರು. ಸುಮ್ನೆ ಹೇಳ್ತಿದ್ದಾರೆ ಅಂದುಕೊಂಡೆ. ಆದರೆ ಹುಡುಕಿ ನೋಡಿದರೆ, ಗಡ್ಡೆಯ ಸುತ್ತ ಆಮ್ಲ ಇರುವುದು ನಿಜ, ಅದರಿಂದ ಹರಡುವುದು ಜಾಸ್ತಿ ಅಂತ ವಿಜ್ಞಾನಿಗಳೇ ಬರೆದಿದ್ದಾರೆ. ಅಪ್ಪನಿಗೆ ಮೊದಲಿನಿಂದಲೂ ಎದೆಯುರಿ, ಹುಳಿತೇಗು ಬೇರೆ. ಅದೂ ಇದೇ ಆಮ್ಲನಾ? ಗೊತ್ತಿದ್ದವರು ಹೇಳಿ.

ಹಳದಿ ಫ್ಲಾಸ್ಕ್:
ಎದೆಯುರಿಯನ್ನು ಮೊದಲು ಬದಿಗಿಡಿ. ಅದು ಹೊಟ್ಟೆಯ ಆಮ್ಲ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಾನು ಡಾಕ್ಟರ್ ಅಲ್ಲ. ಲ್ಯಾಬಿನಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳನ್ನು ಬೆಳೆಸುವುದು ನನ್ನ ಕೆಲಸ. ಕೋಶಗಳಿಗೆ ಹಾಕುವ ದ್ರವದಲ್ಲಿ ಫೀನಾಲ್ ರೆಡ್ ಅನ್ನುವ ಬಣ್ಣ ಇರುತ್ತದೆ. ಹೊಸದಾಗಿ ಹಾಕಿದಾಗ ಕೆಂಪು. ಶುಕ್ರವಾರ ಬದಲಿಸಲು ಮರೆತು ಮನೆಗೆ ಹೋದೆ ಅನ್ನಿ, ಸೋಮವಾರ ಬಾಗಿಲು ತೆಗೆದರೆ ಫ್ಲಾಸ್ಕ್ ಪೂರ್ತಿ ಹಳದಿ. ಎರಡೇ ದಿನದಲ್ಲಿ ಸಕ್ಕರೆ ಮುಕ್ಕಿ ಅಷ್ಟು ಲ್ಯಾಕ್ಟಿಕ್ ಆಮ್ಲ ಉಗುಳಿರುತ್ತವೆ. ಆಮ್ಲಜನಕ ಬೇಕಾದಷ್ಟು ಇದ್ದರೂ ಇದೇ ಚಾಳಿ. ಜರ್ಮನಿಯ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಇದನ್ನು ಗುರುತಿಸಿದ್ದರು.

ಫ್ಲಾಸ್ಕ್ ಆದರೆ ನಾನು ಚೆಲ್ಲಿ ಹೊಸ ದ್ರವ ಹಾಕುತ್ತೇನೆ. ಗಡ್ಡೆಯೊಳಗೆ ಚೆಲ್ಲುವವರು ಯಾರು? ಅಲ್ಲಿನ ರಕ್ತನಾಳಗಳು ಅಂಕುಡೊಂಕು, ಸೋರುವಂಥವು. ಆಮ್ಲ ಅಲ್ಲಲ್ಲೇ ಮಡುಗಟ್ಟುತ್ತದೆ. ಹುಳಿಯ ಅಳತೆ ಪಿಎಚ್; ಅದು ಇಳಿದಷ್ಟೂ ಹುಳಿ ಜಾಸ್ತಿ. ರಕ್ತದ ಪಿಎಚ್ ಸುಮಾರು 7.4. ಗಡ್ಡೆಯ ಕೋಶಗಳ ಸಂದಿಯಲ್ಲಿ 6.5ರಿಂದ 6.9ರವರೆಗೂ ಇಳಿಯುತ್ತದೆ. ಚಿಕ್ಕ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? 7.4ರಿಂದ 6.8ಕ್ಕೆ ಇಳಿದರೆ ಹುಳಿ ತರುವ ಹೈಡ್ರೋಜನ್ ಅಯಾನುಗಳು ನಾಲ್ಕು ಪಟ್ಟು ಆದ ಹಾಗೆ.

ಆದರೆ ಕ್ಯಾನ್ಸರ್ ಕೋಶದ ಒಳಗೆ ಈ ಹುಳಿ ಇಲ್ಲ! ಎಂಸಿಟಿ4, ಎನ್‌ಎಚ್‌ಇ1 ಅನ್ನುವ ಪ್ರೋಟೀನ್‌ಗಳು ಅದನ್ನು ಹೊರಗೆ ಸಾಗಿಸುತ್ತಲೇ ಇರುತ್ತವೆ. ತನ್ನ ಮನೆ ಗುಡಿಸಿ ಪಕ್ಕದವರ ಹೊಸ್ತಿಲಿಗೆ ಸುರಿದ ಹಾಗೆ. ಪಕ್ಕದ ಒಳ್ಳೆಯ ಕೋಶಗಳು ತಡೆಯಲಾರದೆ ಸಾಯುತ್ತವೆ. ಕೆತೆಪ್ಸಿನ್‌ನಂಥ ಕಿಣ್ವಗಳು ಹುಳಿಯಲ್ಲಿ ಚುರುಕಾಗಿ, ಕೋಶಗಳನ್ನು ಹಿಡಿದಿಟ್ಟ ಕೊಲಾಜನ್ ಬಲೆಯನ್ನು ಕತ್ತರಿಸುತ್ತವೆ. ಕಾವಲಿಗೆ ಬಂದ ಟಿ ಕೋಶಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಮಂಕಾಗುತ್ತವೆ. ದಾರಿ ತೆರೆಯಿತು, ಕಾವಲೂ ಇಲ್ಲ. ಕರುಳಿನ ರಕ್ತ ಪೋರ್ಟಲ್ ನಾಳದ ಮೂಲಕ ನೇರ ಲಿವರ್‌ಗೆ ಹೋಗುವುದರಿಂದ, ತಪ್ಪಿಸಿಕೊಂಡ ಕೋಶ ಮೊದಲು ಸೇರುವುದು ಹೆಚ್ಚಾಗಿ ಅಲ್ಲಿಗೇ.

ನನಗೆ ಹೆದರಿಕೆ ಹುಟ್ಟಿಸುವುದು ಆಮ್ಲ ಅಲ್ಲ, ಅದರಲ್ಲಿ ಬದುಕಲು ಕಲಿತ ಕೋಶಗಳು. ಹುಳಿ ದ್ರವದಲ್ಲಿ ವಾರಗಟ್ಟಲೆ ಇಟ್ಟರೆ ಮೊದಲು ರಾಶಿ ರಾಶಿ ಸಾಯುತ್ತವೆ. ಉಳಿದವು ಗುಂಪು ಬಿಟ್ಟು, ಉದ್ದಕ್ಕೆ ಚಾಚಿಕೊಂಡು ಒಂಟಿಯಾಗಿ ತೆವಳತೊಡಗುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದೇನೆ.

ನೈಟ್ ಡ್ಯೂಟಿ ನರ್ಸ್:
ನೋಡಮ್ಮ, ಆ ಡಬ್ಬ ಮುಚ್ಚಿಡು. ಕ್ಷಾರದ ನೀರು ಹೊಟ್ಟೆಯ ಆಮ್ಲಕ್ಕೆ ಸಿಕ್ಕಿದ ಕೂಡಲೇ ಅದರ ಆಟ ಮುಗಿಯಿತು. ಮಿಕ್ಕಿದ್ದು ರಕ್ತ ಸೇರಿದರೂ ಶ್ವಾಸಕೋಶ, ಮೂತ್ರಪಿಂಡ ಸೇರಿ ಪಿಎಚ್ಚನ್ನು 7.35ರಿಂದ 7.45ರೊಳಗೇ ಇಡುತ್ತವೆ. ಆ ಪುಡಿ ಅಡುಗೆ ಸೋಡಾ (ಸೋಡಿಯಂ ಬೈಕಾರ್ಬನೇಟ್) ಆಗಿದ್ದರೆ ಜಾಸ್ತಿ ಕುಡಿಸುವುದು ಅಪಾಯ. ಸೋಡಿಯಂ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಹೃದಯದ ಬಡಿತ ತಪ್ಪಬಹುದು. ಎದೆಯುರಿಗೆ ತಗೊಳ್ಳುವ ಮಾತ್ರೆಯ ಹೆಸರನ್ನೂ ಕ್ಯಾನ್ಸರ್ ಡಾಕ್ಟರಿಗೆ ತಪ್ಪದೆ ಹೇಳು.

ಕಿರಿಮಗಳು:
ಡಬ್ಬದ ಮೇಲೆ ಸೋಡಿಯಂ ಬೈಕಾರ್ಬನೇಟ್ ಅಂತಲೇ ಇದೆ! ಆದರೆ ಇಲಿಗಳಿಗೆ ಸೋಡಾ ಕುಡಿಸಿ ಹರಡುವುದನ್ನು ಕಡಿಮೆ ಮಾಡಿದ್ದಾರಂತಲ್ಲ ಸರ್?

ಹಳದಿ ಫ್ಲಾಸ್ಕ್:
ಹೌದು, 2009ರ ಪ್ರಯೋಗ. ಅದು ಸ್ತನ ಕ್ಯಾನ್ಸರಿನ ಇಲಿಗಳಲ್ಲಿ. ಮೂಲ ಗಡ್ಡೆ ಕುಗ್ಗಲಿಲ್ಲ, ಬೇರೆಡೆ ಹರಡಿದ್ದು ಮಾತ್ರ ಕಡಿಮೆಯಾಯಿತು. ದಿನವಿಡೀ ಕುಡಿಯುವ ನೀರಿಗೇ ಬೆರೆಸಿದ್ದರು. ಮನುಷ್ಯರಿಗೆ ಅಷ್ಟು ಕುಡಿಸಲು ಹೊರಟಾಗ ರುಚಿಗೇ ಜನ ಸೋತರು. ಈಗ ಆ ಸಾಗಣೆ ಪ್ರೋಟೀನ್‌ಗಳನ್ನೇ ತಡೆಯುವ ಔಷಧಿಗಳ ಹುಡುಕಾಟ ನಡೆದಿದೆ.

ಇನ್ನೊಂದು ಮಾತು. ಆ ಹುಳಿ ಮಡು ಇದ್ದದ್ದು ಗಡ್ಡೆಯ ಜೊತೆ. ಗಡ್ಡೆ ತೆಗೆದಾಗ ಅದೂ ಹೋಯಿತು. ಈಗ ಬೇಕಾದ್ದು ಸರಿಯಾದ ಸಮಯಕ್ಕೆ ಸಿಇಎ ರಕ್ತಪರೀಕ್ಷೆ (ಕ್ಯಾನ್ಸರ್ ಮರಳಿದೆಯಾ ಅನ್ನುವ ಸುಳಿವು ಕೊಡುವುದು), ಸಿಟಿ ಸ್ಕ್ಯಾನ್.

ಕಿರಿಮಗಳು:
ಸಿಇಎ ಮುಂದಿನ ಮಂಗಳವಾರ ಇದೆ. ಡಬ್ಬ ವಾಪಸ್ ಕೊಟ್ಟರೆ ಅವರಿಗೆ ಬೇಜಾರಾಗುತ್ತದೆ. ಪಾತ್ರೆ ಉಜ್ಜಲು ಇಟ್ಟುಕೊಳ್ಳುತ್ತೇನೆ.