ನಾಲ್ಕು ಆಸ್ಪತ್ರೆ, ಒಂದೇ ಎಥಿಕ್ಸ್ ಕಮಿಟಿ: ಬಜೆಟ್ ಹೇಗೆ ಹಾಕುವುದು?

ಪ್ರಶ್ನೆ: ಮೇಡಂ, ನಮಸ್ಕಾರ. ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ಬಿಪಿ ಇರುವವರು ಮಾತ್ರೆ ಅರ್ಧಕ್ಕೆ ಬಿಡುವುದು ಯಾಕೆ ಅಂತ ಒಂದು ಅಧ್ಯಯನ. ಮಂಗಳೂರು, ಮಂಜೇಶ್ವರ, ಕಾಸರಗೋಡು, ಕಾಞಂಗಾಡು, ನಾಲ್ಕು ಕಡೆ ಆಸ್ಪತ್ರೆ. ಅಧ್ಯಯನದಲ್ಲಿ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡಿ ಒಪ್ಪಿಗೆ ಕೊಡುವುದು ಎಥಿಕ್ಸ್ ಕಮಿಟಿ; ಮಂಗಳೂರಿನ ಕಮಿಟಿಯೇ ಎಲ್ಲರ ಪರವಾಗಿ ನೋಡಲಿ ಅಂತ ತೀರ್ಮಾನವಾಗಿದೆ. ಬಜೆಟ್‌ನಲ್ಲಿ ಕಮಿಟಿ ಫೀಸು ಮಾತ್ರ ಹಾಕಿದ್ದೇವೆ. ಸಾಕಾ? ಇದಕ್ಕೆಂದೇ ಜನ ಬೇಕಾ?

ಉತ್ತರ: ಸಾಕಾಗುವುದಿಲ್ಲ. ಜನ ಬೇಕೇ ಬೇಕು. ಫೀಸಿಗಿಂತ ಜಾಸ್ತಿ ದುಡ್ಡು ಅವರ ಸಂಬಳಕ್ಕೇ ಹೋಗುತ್ತದೆ.

ಅಧ್ಯಯನಕ್ಕೆ ಸೇರುವಾಗ ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರವನ್ನೇ ತೆಗೆದುಕೊಳ್ಳಿ. ಕನ್ನಡ, ಮಲಯಾಳ ಎರಡರಲ್ಲೂ ಬೇಕು. ಒಂದೊಂದು ಆಸ್ಪತ್ರೆಯ ಪತ್ರದಲ್ಲಿ ಅಲ್ಲಿನ ಡಾಕ್ಟರ ಹೆಸರು, ಫೋನ್ ನಂಬರ್ ಬೇರೆ. ಅಲ್ಲಿಗೆ ಎಂಟು ಪತ್ರ ಆಯಿತು. 'ಆರು ತಿಂಗಳಿಗೆ ಫೋನ್ ಮಾಡುತ್ತೇವೆ' ಅಂತಿದ್ದದ್ದು 'ಮನೆಗೆ ಬರುತ್ತೇವೆ' ಅಂತಾದರೆ ಎಂಟನ್ನೂ ತಿದ್ದಬೇಕು. ಅನುವಾದ ತಾಳೆ ನೋಡಬೇಕು. ಕಮಿಟಿ ಒಪ್ಪಿದ ಮೇಲೆ ನಾಲ್ಕೂ ಕಡೆ ಹಳೆ ಪ್ರತಿ ತೆಗೆಸಿ ಹೊಸದು ಇಡಿಸಬೇಕು.

ನಾನು ಹಿಂದೆ ಕೆಲಸ ಮಾಡಿದ ಒಂದು ಅಧ್ಯಯನದಲ್ಲಿ ಇದನ್ನು ನೋಡಿಕೊಳ್ಳುವವರೇ ಇರಲಿಲ್ಲ. ಹಳೆ ಪತ್ರದ ಮೇಲೆಯೇ ಹನ್ನೊಂದು ಜನರ ಸಹಿ ಬಿತ್ತು. ಎಲ್ಲರನ್ನೂ ಮತ್ತೆ ಕರೆಸಿ, ಬಸ್ ಚಾರ್ಜು ಕೊಟ್ಟು, ಕೂರಿಸಿ ವಿವರಿಸಿದೆವು. ಒಬ್ಬ ಅಜ್ಜಿ "ನಾನೇನು ತಪ್ಪು ಮಾಡಿದೆ ಮಗಾ?" ಅಂತ ಕೇಳಿದರು. ಅದು ಇನ್ನೂ ಮರೆತಿಲ್ಲ.

ಹಾಗಾಗಿ ಮಂಗಳೂರಿನಲ್ಲಿ ಪೂರ್ತಿ ಸಮಯದ ಒಬ್ಬ ಕೋಆರ್ಡಿನೇಟರ್ ಹಾಕಿ. ಸಂಬಳ ಮೊದಲ ರೋಗಿ ಸೇರುವ ದಿನದಿಂದಲ್ಲ, ಮೂರು ತಿಂಗಳು ಮೊದಲಿನಿಂದ ಬರೆಯಿರಿ. ಉಳಿದ ಮೂರು ಕಡೆ ಶುರುವಿಗೆ ಅರ್ಧ ದಿನದವರು ಸಾಕು. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು, ಕೆಲವರಿಗೆ ತುಳುವಿನಲ್ಲೇ ಬಿಡಿಸಿ ಹೇಳಬೇಕು. ಆ ಸಮಯವನ್ನೂ ಲೆಕ್ಕ ಹಿಡಿಯಿರಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಒಂದೇ ಕಡೆ ಪರಿಶೀಲನೆಗೆ ದಾರಿ ಕೊಟ್ಟಿದೆ, ನಿಜ. ಆದರೆ ಅಧ್ಯಯನ ನಡೆಯುವಾಗ ನಿಗಾ ಇಡುವ ಹೊಣೆ ಆಯಾ ಊರಿನ ಕಮಿಟಿಯದ್ದೇ. ಅವರ ಸದಸ್ಯರು ಮಂಗಳೂರಿನ ಸಭೆಗೆ ಬರುವುದಾದರೆ ಪ್ರಯಾಣದ ಖರ್ಚು, ಗೌರವಧನವೂ ಸೇರಲಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಮುಂದೆ ಹೊಸ ಔಷಧದ ಪ್ರಯೋಗ ಮಾಡಿದರೂ ಇದೇ ಲೆಕ್ಕವಾ?

ಉತ್ತರ: ಇಲ್ಲ, ಅದು ಬೇರೆ. ಹೊಸ ಔಷಧ ಮತ್ತು ಅದರ ಪ್ರಯೋಗಗಳ ಬಗ್ಗೆ ಕೇಂದ್ರ ಸರ್ಕಾರ ತಂದ 2019ರ ನಿಯಮದ ಪ್ರಕಾರ ಸ್ವಂತ ಕಮಿಟಿ ಇಲ್ಲದ ಆಸ್ಪತ್ರೆ ಬೇರೆ ಕಮಿಟಿಯ ಒಪ್ಪಿಗೆ ಪಡೆಯಬಹುದು, ಆದರೆ ಅದು ಅದೇ ಊರಿನಲ್ಲಿ ಅಥವಾ 50 ಕಿಲೋಮೀಟರ್ ಒಳಗೆ ಇರಬೇಕು. ಮಂಗಳೂರಿನ ಕಮಿಟಿ ಕಾಞಂಗಾಡಿಗೆ ಆಗುವುದಿಲ್ಲ. ಆಗ ಅಲ್ಲಿಗೆ ಹತ್ತಿರದ, ನೋಂದಣಿಯಾದ ಕಮಿಟಿ ಹುಡುಕಿ, ಅದರ ಫೀಸು ಬೇರೆ ಬರೆಯಿರಿ.