ತೊಗರಿ ಪ್ರಯೋಗದ ಫಲಿತಾಂಶ ರೈತರ ಮುಂದ ಹ್ಯಾಂಗ ಇಡಬೇಕು?

ಆಳಂದ ತೊಗರಿ: ಕಲಬುರಗಿ ರೈತರಿಗಿ 20 ನಿಮಿಷದಾಗ ಹೇಳಲಿಕ್ಕ 6 ಸ್ಲೈಡ್ ಸಾಕು. ಗ್ರಾಫ್ ತೋರಸೂದಕ್ಕಿಂತ ಮೊದಲ ಕೇಳ್ರಿ: 45–50 ದಿನಕ್ಕ ಕುಡಿ ಚಿವುಟಿದ ಪ್ಲಾಟಿನಾಗ ಇಳುವರಿ ಎಷ್ಟು ಹೆಚ್ಚಿರಬಹುದು? ಅವರು ಹೇಳಿದ ಅಂಕಿ ಬೋರ್ಡಿನ ಮ್ಯಾಲ ಬರೀರಿ, ಆಮ್ಯಾಲ ಫಲಿತಾಂಶ ತೆಗೀರಿ. ಲೆಕ್ಕ ಎಕರೆಯೊಳಗ ಇರ್ಲಿ, ಹೆಕ್ಟೇರಿನ ಅಂಕಿ 2.5ರಿಂದ ಭಾಗಿಸಿದ್ರ ಆಯ್ತು.

ಬಿದರಿ: 2.5 ಅಲ್ಲ, 2.47. 1 ಹೆಕ್ಟೇರ್ ಅಂದ್ರೆ ಹೆಚ್ಚೂಕಡಿಮೆ 2 ಎಕರೆ 19 ಗುಂಟೆ. ಸಂಶೋಧನೆ ಅಂತ ಹೇಳಿ ಅಂದಾಜು ಕೊಟ್ಟರೆ ಯಾರು ನಂಬ್ತಾರೆ?

ಆಳಂದ ತೊಗರಿ: ಹೆಕ್ಟೇರಿಗಿ 2 ಕ್ವಿಂಟಲ್ ಹೆಚ್ಚು ಬಂದ್ರ ನಿಮ್ಮ ಲೆಕ್ಕಕ್ಕ ಎಕರೆಗಿ 81 ಕಿಲೋ, ನನ್ನ ಲೆಕ್ಕಕ್ಕ 80. 1 ಕಿಲೋ ಸಲುವಾಗಿ ಜಗಳ ಏನ್ರಿ?

ಬಿದರಿ: ಕಿಲೋ ಮಾತಲ್ಲ! ಪಹಣಿಯಲ್ಲಿ ಗುಂಟೆ ಗುಂಟೆ ನೋಡೋರ ಮುಂದೆ ಗುಂಟೆ ನುಂಗಬೇಡಿ.

ಯಾದಗಿರಿ ಜೋಳ: ಎಕರೆಗಿ ಎಷ್ಟು ಚೀಲ ಅಂತ ಹೇಳ್ರಿ, ಸಾಕು.

ಬಿದರಿ: ಯಾವ ಚೀಲ? 50 ಕಿಲೋದ್ದೋ, ಕ್ವಿಂಟಲ್‌ದ್ದೋ?

ಭೀಮಾ ದಂಡೆ: ಗ್ರಾಫಿನ ಮಾತನ್ನೇ ಬಿಟ್ಟಿರಿ. 12 ಮತ್ತು 14 ಕ್ವಿಂಟಲಿನ ಕಂಬಗಳನ್ನು 10ರಿಂದ ಶುರು ಮಾಡಿದರೆ ಒಂದರ ಎತ್ತರ 2, ಇನ್ನೊಂದರದು 4. ಸುಮಾರು ಶೇ. 17ರ ಹೆಚ್ಚಳ ಕಣ್ಣಿಗೆ ದುಪ್ಪಟ್ಟಾಯಿತು. ಕಂಬ 0ಯಿಂದಲೇ ಏಳಬೇಕು. ಕಂಬದ ತುದಿಯ ಗೀಟು ಸ್ಟ್ಯಾಂಡರ್ಡ್ ಎರರ್ರೋ (ಸರಾಸರಿ ಎಷ್ಟು ಆಚೀಚೆ ಇರಬಹುದು ಎಂಬ ಅಳತೆ) ಸ್ಟ್ಯಾಂಡರ್ಡ್ ಡೀವಿಯೇಷನ್ನೋ (ಪ್ಲಾಟಿನಿಂದ ಪ್ಲಾಟಿಗೆ ಇರುವ ಏರುಪೇರಿನ ಅಳತೆ), ಅದನ್ನೂ ಬರೆಯಿರಿ. 4 ರೆಪ್ಲಿಕೇಷನ್, ಅಂದರೆ ಒಂದೇ ಪ್ರಯೋಗ 4 ಪ್ಲಾಟುಗಳಲ್ಲಿ, ಇದ್ದರೆ ಎರರ್, ಡೀವಿಯೇಷನ್ನಿನ ಅರ್ಧ ಮಾತ್ರ. ಬರೆಯದೆ ಬಿಟ್ಟರೆ ಪ್ಲಾಟುಗಳ ನಡುವಿನ ಏರುಪೇರು ಇರುವುದಕ್ಕಿಂತ ಕಡಿಮೆ ಅನಿಸುತ್ತದೆ.

ಯಾದಗಿರಿ ಜೋಳ: "ಡೀವಿಯೇಷನ್" ಅಂದ್ರ ಸಭಾದಾಗ ಯಾರಿಗಿ ತಿಳೀತದ? 4 ಪ್ಲಾಟಿಗಿ 4 ಚುಕ್ಕಿ ಇಡ್ರಿ. ನೆಟೆ ರೋಗ ಬಡದ ಪ್ಲಾಟಿನ ಚುಕ್ಕಿ ಕೆಳಗ ಬಿದ್ದಿದ್ದು ಎಲ್ಲಾರಿಗೂ ಕಾಣ್ತದ.

ಸೇಡಂ ಬಂಡೆ: ಚುಕ್ಕಿ ಇರಲಿ. ಕೈ ಎತ್ತಿಸಿ ಅಂಕಿ ಕೇಳೋದು ಮಕ್ಕಳ ಆಟ, ಹೊತ್ತು ಹಾಳು.

ಆಳಂದ ತೊಗರಿ: ಆಟ ಅಲ್ರಿ. ಹಾರ್ವರ್ಡಿನ ಫಿಸಿಕ್ಸ್ ಕ್ಲಾಸಿನೊಳಗ ಇದನ್ನ ಪರೀಕ್ಷೆ ಮಾಡಿ 2004ರಾಗ ಪ್ರಕಟಿಸ್ಯಾರ. ಪ್ರಯೋಗ ಸುಮ್ನೆ ನೋಡಿದವರು, ನೋಡದವರಿಗಿಂತ ಹೆಚ್ಚೇನೂ ಕಲೀಲಿಲ್ಲ. ಮೊದಲ ಊಹೆ ಹೇಳಿ ನೋಡಿದವರಿಗಿ ಚಲೋ ತಿಳೀತು.

ಸೇಡಂ ಬಂಡೆ: ಹಾರ್ವರ್ಡ್ ಹುಡುಗರು ಬೇರೆ, 30 ವರ್ಷ ತೊಗರಿ ಬೆಳೆದವರು ಬೇರೆ.

ಆಳಂದ ತೊಗರಿ: 30 ವರ್ಷ ಬೆಳದವರ ಊಹೆ ತಪ್ಪಿದ್ರ ಅವರು ಇನ್ನೂ ಜೋರ್ ಪ್ರಶ್ನೆ ಕೇಳ್ತಾರ. ಅದೇ ಬೇಕಾಗಿದ್ದು.

ಬಿದರಿ: ಎಲ್ಲ ಸರಿ. 2.47 ಎಲ್ಲಿ ಹೋಯ್ತು?

ಆಳಂದ ತೊಗರಿ: ಸ್ಲೈಡಿನ ಕೆಳಗ ಸಣ್ಣಾಗಿ ಬರೀತೀನಿ. ಬಾಯಿಲೆ 2.5 ಅಂತೇ ಹೇಳಾವ.

ಬಿದರಿ: ಸಣ್ಣಗೆ ಬರೆದದ್ದು ಹಿಂದಿನ ಸಾಲಿಗೆ ಕಾಣೋದಿಲ್ಲ. 24 ಪಾಯಿಂಟಿಗಿಂತ ಕಡಿಮೆ ಇಡಬೇಡಿ.